ನೀರೊಳಗೆ ಕಣ್ಣು ತೆರೆದದ್ದು

ಬಾವಿಗೆ ಇಳಿಯುವುದು ನನ್ನ ಉದ್ಯೋಗ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ನನ್ನದೊಂದು ಸಣ್ಣ ಅಂಗಡಿ. ಒಳಗೆ ಹಗ್ಗ, ರಾಟೆ, ಬಾವಿಗೆ ಬಿದ್ದದ್ದನ್ನು ಎತ್ತುವ ಕೊಕ್ಕೆಗಳ ಪಾತಾಳಗರಡಿ, ಸುಟ್ಟುಹೋದ ಮೋಟಾರುಗಳು. ಬಾವಿಯಲ್ಲಿ ಬಿದ್ದ ಪಂಪು ತೆಗೆಯುತ್ತೇನೆ, ಹೂಳು ಎತ್ತುತ್ತೇನೆ. ಸುತ್ತಮುತ್ತ ಯಾರಾದರೂ ನೀರುಪಾಲಾದರೆ ಪೊಲೀಸರು ಫೋನು ಮಾಡುವುದೂ ನನಗೇ. ಇಲ್ಲಿಯವರೆಗೆ ಎಷ್ಟು ಮಂದಿಯನ್ನು ತೆಗೆದಿದ್ದೀರಿ ಎಂದು ಕೇಳುವ ಮಹಾಶಯರಿದ್ದಾರೆ. ನಾನು ಲೆಕ್ಕ ಇಟ್ಟಿಲ್ಲ. ಅಂಥವರಿಗೆ ಚಹಾ ಕುಡಿಸಿ ಮಾತು ಬದಲಿಸುತ್ತೇನೆ.

ಈ ಕೆಲಸ ಕಲಿಸಿದವರು ನಮ್ಮ ಓಣಿಯವರೇ ಆದ ಉಸ್ತಾದರು. ಹರೆಯದಲ್ಲಿ ಕುಸ್ತಿ ಆಡಿದವರು. ಮುಪ್ಪಿನಲ್ಲೂ ಬಾವಿಯ ಕಟ್ಟೆಯ ಮೇಲೆ ನಿಂತರೆ ಕಟ್ಟೆಯೇ ಸಣ್ಣದೆನಿಸುತ್ತಿತ್ತು. ಅವರು ನನಗೆ ಹೇಳಿಕೊಟ್ಟ ನೇಮ ಎರಡೇ. ಇಳಿಯುವ ಮೊದಲು ನೀರಿನಲ್ಲಿದ್ದವರನ್ನು ಹೆಸರು ಹಿಡಿದು ಕರೆಯಬೇಕು: "ಬಾ, ಮನಿಗೆ ಹೋಗೂಣು." ಎರಡನೆಯದು, ನೀರಿನಲ್ಲಿ ಕಣ್ಣು ತೆರೆಯಬಾರದು. ನಮ್ಮ ಬಾವಿ, ಕೆರೆಗಳ ರಾಡಿ ನೀರಿನಲ್ಲಿ ತೆರೆದರೂ ಏನೂ ಕಾಣುವುದಿಲ್ಲ, ಆ ಮಾತು ಬೇರೆ. ಉಸ್ತಾದರು ಹೇಳುತ್ತಿದ್ದ ಕಾರಣ ಅದಲ್ಲ.

"ಕೈಗೆ ಹತ್ತಿದ್ದು ತೊಳದ್ರ ಹೋಗ್ತದ ಬೇಟಾ. ಕಣ್ಣಿಗೆ ಹತ್ತಿದ್ದು ತೊಳದ್ರ ಹೋಗೂದಿಲ್ಲ. ಮತ್ತ ದಂಡಿ ಮ್ಯಾಲೆ ಅವರ ಅವ್ವ ಕುಂತಿರ್ತಾಳ. ಹೆಂಗಿದ್ದಾ ನನ್ನ ಮಗಾ ಅಂತ ಕೇಳ್ತಾಳ. ನಾ ನೋಡಿಲ್ಲವಾ ಅಂತ ಖರೇ ಹೇಳಾಕ ಬರಬೇಕು ನಿನಗ."

ಅವರು ಹೇಳಿದ ಹಾಗೇ ನಡೆದುಕೊಂಡು ಬಂದವನು ನಾನು. ಎಲ್ಲ ಕೈಯಿಂದಲೇ. ಕೂದಲು ಯಾವುದು ಪಾಚಿ ಯಾವುದು, ಬಟ್ಟೆ ಯಾವುದು ಗೋಣಿಚೀಲ ಯಾವುದು ಎಂದು ನನ್ನ ಬೆರಳುಗಳಿಗೆ ಗೊತ್ತು. ಕಣ್ಣಿಗೆ ಏನೂ ಹತ್ತಲಿಲ್ಲ, ನಿಜ. ಆದರೆ ಬೆರಳಿಗೆ ಹತ್ತಿದ್ದು ತೊಳೆದರೆ ಹೋಗುತ್ತದೆ ಎಂದು ಉಸ್ತಾದರು ಹೇಳಿದ್ದು ಅಷ್ಟೇನೂ ಖರೆಯಲ್ಲ. ಮನೆಯಲ್ಲಿ ಹಿಟ್ಟು ನಾದಿ ಕೊಡುವಾಗ, ಮಗಳ ಜಡೆ ಬಿಡಿಸುವಾಗ, ಕೈ ತಟ್ಟನೆ ನಿಂತುಬಿಡುತ್ತದೆ. ಹೆಂಡತಿಗೆ ಗೊತ್ತು, ಹಿಟ್ಟಿನ ಪರಾತವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ.

ಹೋದ ಆಷಾಢದಲ್ಲಿ ಧಾರವಾಡದ ಹೊರಗಿನ ಹಳೆಯ ಕಲ್ಲಿನ ಖಣಿಯೊಂದಕ್ಕೆ ಕರೆ ಬಂತು. ಸುಳ್ಳ ಎಂಬ ಊರಿನ ಹುಡುಗನೊಬ್ಬ, ಟಿಪ್ಪರ್ ಡ್ರೈವರ್, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಾಡಿ ತೊಳೆಯಲು ಹೋದವನು ಮರಳಿರಲಿಲ್ಲ. ಗಾಡಿ ದಂಡೆಯ ಮೇಲೆ ನಿಂತಿತ್ತು. ಅಂಗಿ, ಚಪ್ಪಲಿ, ಮೊಬೈಲು ಸೀಟಿನ ಮೇಲಿದ್ದವು. ಮಳೆಗಾಲದ ನೀರು, ಹಾಲು ಹಾಕಿದ ಚಹಾದ ಬಣ್ಣ. ಪಾತಾಳಗರಡಿ ಬಿಟ್ಟು ಎಳೆದೆವು, ನಾನು ಮುಳುಗಿ ಮುಳುಗಿ ಕೈಯಾಡಿಸಿದೆ, ಅಗ್ನಿಶಾಮಕದವರೂ ಬಂದು ಹುಡುಕಿದರು. ಸಿಕ್ಕಿದ್ದು ಹಳೆಯ ಕ್ರೇನಿನ ಕಬ್ಬಿಣದ ಹಗ್ಗದ ತುಂಡುಗಳು, ಟಾಯರು, ಸತ್ತ ನಾಯಿ. ದೇಹ ತಾನಾಗಿ ತೇಲಿ ಬರುತ್ತದೆಂದು ಕಾದೆವು, ಬರಲಿಲ್ಲ. ಅವನು ನೀರಿನಲ್ಲಿ ಇಲ್ಲವೇ ಇಲ್ಲ, ಯಾರ ಜೊತೆಗೋ ಗೋವಾಕ್ಕೆ ಹೋಗಿದ್ದಾನೆ ಎಂದು ಜನ ಆಡತೊಡಗಿದರು. ಪೊಲೀಸರು ನಾಪತ್ತೆ ಎಂದು ಬರೆದುಕೊಂಡರು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಆ ಹುಡುಗನ ತಾಯಿ ಬಸ್ಸು ಹಿಡಿದು ನನ್ನ ಅಂಗಡಿಗೆ ಬಂದಳು. ಸುಟ್ಟ ಮೋಟಾರಿನ ಮೇಲೆಯೇ ಕುಳಿತಳು, ಸ್ಟೂಲು ಕೊಟ್ಟರೂ ತೆಗೆದುಕೊಳ್ಳಲಿಲ್ಲ.

"ತಮ್ಮಾ, ನನಗ ಅಳಾಕೂ ಬರವಲ್ತು, ಸುಮ್ಮನ ಕುಂದ್ರಾಕೂ ಬರವಲ್ತು. ಅತ್ರ, ಜೀವಂತ ಇದ್ದ ಮಗಗ ಯಾಕ ಅಪಶಕುನ ಮಾಡ್ತಿ ಅಂತಾರ. ಅಳದಿದ್ರ, ಕಲ್ಲಿನಂಥಾಕಿ ಅಂತಾರ. ಸೊಸಿ ಕೈಯಾನ ಬಳಿ ನೋಡಿದ್ರ ನನ್ನ ಎದಿ ಧಸ್ ಅಂತದ. ಆ ನೀರಾಗ ಅದಾನೋ ಇಲ್ಲೋ, ಅಷ್ಟ ಹೇಳು. ಬ್ಯಾರೆ ಏನೂ ಕೇಳೂದಿಲ್ಲ."

"ಹುಡುಕೇವಲ್ಲವಾ ಅವ್ವಾರ," ಎಂದೆ.

"ಕೈಲೆ ಹುಡುಕೀರಿ. ಕಣ್ಣಲೆ ಯಾರ ನೋಡ್ಯಾರು?"

ಆ ವಾರವೇ ಸುಳ್ಳಕ್ಕೆ ಹೋದೆ, ಹುಡುಗ ಏನು ಉಟ್ಟಿದ್ದ, ಮೈಮೇಲೆ ಏನು ಗುರುತಿತ್ತು ಎಂದು ಕೇಳಲು. ಪ್ಯಾಂಟಿನ ಬಣ್ಣ ಹೇಳಿದರು. ಕೊರಳಲ್ಲಿ ಶಿವದಾರ, ಅದರಲ್ಲಿ ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆ. ಅದನ್ನು ಅವನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲವಂತೆ. ಹೊರಡುವಾಗ ನೋಡಿದರೆ ಬಾಗಿಲ ಮೇಲಿನ ಬಲ್ಬು ಉರಿಯುತ್ತಿತ್ತು, ಝಳಝಳ ಬಿಸಿಲಿನಲ್ಲಿ. ಮೋಟಾರು, ಕರೆಂಟಿನ ಕೆಲಸ ಮಾಡುವವರ ಚಟ ಇದು, ಯಾರದೇ ಮನೆಯಾದರೂ ಹಗಲು ಉರಿಯುವ ದೀಪ ಕಂಡರೆ ಕೈ ಸ್ವಿಚ್ಚಿಗೆ ಹೋಗುತ್ತದೆ. ತಾಯಿ ನನ್ನ ಕೈ ಹಿಡಿದಳು.

"ಇರ್ಲಿ ಬಿಡು ತಮ್ಮಾ. ಅವಗ ಸಣ್ಣಂದಿನಿಂದ ಕತ್ತಲಂದ್ರ ಆಗೂದಿಲ್ಲ. ಅವ ಹೋದಾಗಿಂದ ಆರಿಸಿಲ್ಲ ಅದನ್ನ."

ಹಿಂದಿರುಗುವಾಗ ದಾರಿಯಲ್ಲಿ ಗಾಡಿ ತಿರುಗಿಸಿ ಖಣಿಗೆ ಹೋದೆ. ಮಳೆ ನಿಂತು ರಾಡಿ ತಳಕ್ಕೆ ಕೂರತೊಡಗಿತ್ತು. ಸಂಕ್ರಾಂತಿಯ ಹೊತ್ತಿಗೆ ನಡು ಮಧ್ಯಾಹ್ನ ಒಳಗಿನ ಬಂಡೆ ಕಾಣುತ್ತದೆ ಎಂದು ಕುರಿ ಕಾಯುವವರು ಹೇಳಿದರು. ಗೋಡೆಗೆ ಹತ್ತಿ ಮೆಟ್ಟಿಲಿನಂತೆ ಕಲ್ಲು ಕಡಿದ ಹಂತಗಳಿವೆ, ಅವುಗಳ ಕೆಳಗೆ ಪೊಟರೆಗಳಿವೆ. ಅಷ್ಟು ದೊಡ್ಡ ಜಾಗವನ್ನು ಒಂದು ಉಸಿರಿನಲ್ಲಿ ಕೈಯಾಡಿಸಿ ಮುಗಿಸುವುದು ಆಗದ ಮಾತು. ಮೇಲೆ ತೇಲಿಕೊಂಡು, ಮುಖ ಕೆಳಗೆ ಮಾಡಿ, ನಿಧಾನವಾಗಿ ನೋಡಬೇಕು.

ಗಾಜಿನ ಮುಖವಾಡ, ಉಸಿರಿನ ಕೊಳವೆ ತರಿಸಿಕೊಂಡು ಪರಿಚಯದವರ ಬಾವಿಯಲ್ಲಿ ಇಳಿದು ನೋಡಿದೆ. ಗಾಜಿಗೆ ಮಂಜು ಕಟ್ಟಿತು, ಮೂಗಿಗೆ ನೀರು ಹೋಯಿತು, ಕೆಮ್ಮಿ ಕೆಮ್ಮಿ ಜೀವ ಹೋಯಿತು. ಬಾವಿಯ ಹುಲಿ ಎಂದು ಹೊಗಳಿಸಿಕೊಂಡವನು ಬಾವಿಯಲ್ಲಿಯೇ ನೀರು ಕುಡಿದಿದ್ದೆ. ಆ ಮನೆಯ ಯಜಮಾನಿ ಧಾರವಾಡದ ಸಪ್ತಾಪುರದ ಒಬ್ಬ ಕಾಲೇಜು ಮೇಡಂ, ಜೀವಶಾಸ್ತ್ರ ಕಲಿಸುವವರು. ಕಟ್ಟೆಯ ಮೇಲಿಂದ ಬಗ್ಗಿ ನೋಡಿ ನಕ್ಕರು. ಯಾಕೆ ಈ ಸಾಹಸ ಎಂದು ಕೇಳಿದರು. ಹೇಳಿದೆ. ನಗು ನಿಂತಿತು.

"ನಾವು ಕಾಲೇಜಿನ ಹುಡುಗ್ರನ್ನ ಕರ್ಕೊಂಡು ನೇತ್ರಾಣಿ ದ್ವೀಪಕ್ಕ ಹೊಂಟೇವ್ರಿ, ಹವಳದ ದಿಬ್ಬ ನೋಡಾಕ. ಬೋಟಿನ್ಯಾಗ ಹಗ್ಗ ಹಿಡಿಯಾಕ, ಹುಡುಗ್ರ ಮ್ಯಾಲೆ ಲಕ್ಷ್ಯ ಇಡಾಕ ಒಬ್ಬಾವ್ರು ಬೇಕು. ನಮ್ಮ ಜೋಡಿ ಬರ್ರಿ. ಅಲ್ಲೆ ಕಲಿಸಾವ್ರು ಅದಾರ. ನೀರೂ ತಿಳಿ ಇರ್ತದ."

ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಾವ್ಯಾಗ ಮುಳುಗಿದ್ದು ಸಾಲಲಿಲ್ಲೇನ್ರಿ? ಇನ್ನ ಸಮುದ್ರನೂ ಅಳದ ಬರಾವ್ರು?" ಎಂದಳು. ಎಂದವಳೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಮುರುಡೇಶ್ವರದಿಂದ ಬೋಟು ಹೊರಟು ಸ್ವಲ್ಪ ಹೊತ್ತಿಗೇ ಆ ರೊಟ್ಟಿ, ಚಟ್ನಿ ಸಮುದ್ರಕ್ಕೆ ಸಮರ್ಪಣೆಯಾದವು. ಹುಡುಗರ ಮೇಲೆ ಲಕ್ಷ್ಯ ಇಡಲು ಬಂದವನ ಮೇಲೆ ಹುಡುಗರೇ ಲಕ್ಷ್ಯ ಇಡಬೇಕಾಯಿತು. ಬಾವಿಯ ನೀರು ಇದ್ದಲ್ಲೇ ಇರುತ್ತದೆ. ಇದು ಕಾಲ ಕೆಳಗೆ ಎದ್ದು ಕೂರುವ ನೀರು. ದ್ವೀಪದ ಬಂಡೆಯ ನೆರಳಿಗೆ ಬಂದು ಲಂಗರು ಹಾಕಿದ ಮೇಲೆ ತಲೆ ಸುತ್ತುವುದು ಸ್ವಲ್ಪ ನಿಂತಿತು.

ಕಲಿಸುವವನು ಅಲ್ಲಿಯದೇ ಕರಾವಳಿಯ ಯುವಕ, ಮೈ ಒಣಮೀನಿನಂತೆ ಬಿರುಸು. ನನ್ನ ಮುಖ ನೋಡಿ ಮೊದಲು ಹೇಳಿದ ಮಾತು, "ಮಾರಾಯ್ರೆ, ಈ ಮೀಸೆ ಇಟ್ಕೊಂಡು ಮಾಸ್ಕ್ ನಿಲ್ಲೂದಿಲ್ಲ. ಮೇಲಿನ ಅಂಚಲ್ಲಿ ನೀರು ಬರ್ತದೆ." ನನ್ನ ಮೀಸೆ ಸಾಧಾರಣ ಮೀಸೆಯಲ್ಲ. ಮದುವೆಯಲ್ಲೂ ತೆಗೆದಿಲ್ಲ, ಅಪ್ಪ ತೀರಿದಾಗ ಮಾತ್ರ ತೆಗೆದಿದ್ದೆ. ಕಾಲೇಜಿನ ಹುಡುಗಿಯರೆಲ್ಲ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಕೊನೆಗೆ ವ್ಯಾಸಲೀನ್ ಮೆತ್ತಿ ಒಪ್ಪಂದವಾಯಿತು.

ಆಮೇಲೆ ಒಂದೊಂದಾಗಿ ಹೇಳಿಕೊಟ್ಟ. ಗಾಜಿನ ಒಳಗಡೆ ಉಗುಳಿ ಬೆರಳಿನಿಂದ ತಿಕ್ಕಿ ತೊಳೆಯಬೇಕು, ಮಂಜು ಕಟ್ಟುವುದಿಲ್ಲ. ಪಟ್ಟಿ ಕಿವಿಯ ಮೇಲಿರಬೇಕು, ಬಿಗಿ ಹೆಚ್ಚಾದರೂ ನೀರು ನುಗ್ಗುತ್ತದೆ. ಮೂಗನ್ನು ಮರೆತುಬಿಡಬೇಕು, ಉಸಿರೆಲ್ಲ ಬಾಯಿಂದ. ಕೊಳವೆಗೆ ನೀರು ಹೊಕ್ಕರೆ ಗಾಬರಿಯಾಗದೆ ಫೂ ಎಂದು ಜೋರಾಗಿ ಊದಬೇಕು. ಎಲ್ಲಕ್ಕಿಂತ ಮುಖ್ಯ, ಹವಳದ ಮೇಲೆ ಕಾಲಿಡಬಾರದು, ಕೈಯಿಂದ ಮುಟ್ಟಲೂಬಾರದು. ಅದು ಕಲ್ಲಿನಂತೆ ಕಂಡರೂ ಜೀವ. ಒಂದು ಗೇಣು ಬೆಳೆಯಲು ವರ್ಷಗಟ್ಟಲೆ ಬೇಕು.

ಏಣಿ ಹಿಡಿದು ನೀರಿಗೆ ಇಳಿದೆ. ರೂಢಿಯಂತೆ ಬಾಯಿ ತಾನಾಗಿ ಹೇಳಿತು, "ಬಾ, ಮನಿಗೆ ಹೋಗೂಣು." ಯಾರನ್ನು ಕರೆದೆ? ಇಲ್ಲಿ ನನಗೆ ಕರೆಯಲು ಯಾರಿದ್ದಾರೆ? ಮೇಲೆ ನಿಂತಿದ್ದ ಮೇಡಂ ಕೇಳಿಸಿಕೊಂಡರು.

ಕೊಳವೆ ಕಚ್ಚಿಕೊಂಡು ಮುಖ ನೀರಿಗಿಟ್ಟೆ. ಮೊದಲು ಕೇಳಿಸಿದ್ದು ನನ್ನದೇ ಉಸಿರು. ನೀರಿನೊಳಗೆ ಯಾವತ್ತೂ ಉಸಿರಾಡಿದವನಲ್ಲ ನಾನು. ನನ್ನ ಮಟ್ಟಿಗೆ ನೀರೊಳಗೆ ಉಸಿರೇ ಇಲ್ಲ, ನನ್ನದೂ ಇಲ್ಲ, ಅಲ್ಲಿದ್ದವರದೂ ಇಲ್ಲ. ಈಗ ಕಿವಿಯ ಪಕ್ಕದಲ್ಲೇ ಯಾರೋ ಸುಸ್ ಸುಸ್ ಎನ್ನುತ್ತಿದ್ದರು. ಅದು ನಾನೇ ಎಂದು ತಿಳಿದಿದ್ದರೂ ಬೆನ್ನಹುರಿಯಲ್ಲಿ ತಣ್ಣಗೆ ಏನೋ ಇಳಿಯಿತು. ಕರೆದಿದ್ದೆನಲ್ಲ. ನಾನು ತೆಗೆದ ಅಷ್ಟೂ ಮಂದಿ ಬಂದು ಸುತ್ತ ನಿಂತು ನನ್ನ ಕೊಳವೆಯಿಂದಲೇ ಉಸಿರು ಎಳೆಯುತ್ತಿದ್ದಾರೆ ಎನಿಸಿತು. ಬಾವಿಗೆ ಬಿದ್ದ ಮುದುಕಿಯ ಒದ್ದೆ ಸೆರಗು, ಕೆರೆಯಲ್ಲಿ ಮುಳುಗಿದ ಹುಡುಗರ ಸಣ್ಣ ಸಣ್ಣ ಕಿವಿಗಳು, ಎಲ್ಲ ಬೆರಳಿಗೆ ನೆನಪಾದವು. ಕೈಗಳು ಮುಂದೆ ಚಾಚಿಕೊಂಡು ತಮ್ಮ ಪಾಡಿಗೆ ತಡಕಾಡತೊಡಗಿದವು.

ಬಲಗೈಗೆ ಸೂಜಿಗಳ ಕಟ್ಟು ಚುಚ್ಚಿದಂತಾಯಿತು. ಕೊಳವೆ ಉಗುಳಿ ಹೋ ಎಂದು ಕೂಗಿದೆ. ಯುವಕ ನನ್ನನ್ನು ತೇಲುವ ಜಾಕೀಟಿನ ಪಟ್ಟಿ ಹಿಡಿದು ಬೋಟಿಗೆ ಎಳೆದುತಂದ. ಕಡಲಿನ ಮುಳ್ಳುಚೆಂಡು, ಬಂಡೆಗೆ ಅಂಟಿಕೊಂಡಿರುವ ಕಪ್ಪು ಪ್ರಾಣಿ. ಅದರ ಮುಳ್ಳುಗಳು ಎರಡು ಬೆರಳುಗಳಲ್ಲಿ ಮುರಿದು ಉಳಿದಿದ್ದವು.

"ಎಂತ ಮಾಡಿದ್ರಿ ಮಾರಾಯ್ರೆ! ಮುಟ್ಬೇಡಿ ಅಂತ ಹೇಳಿದ್ದಲ್ವಾ? ಕಣ್ಣೆದುರಿಗೇ ಇತ್ತಲ್ಲ ಅದು, ಇಷ್ಟು ದೊಡ್ಡದು. ಕಾಣಲಿಲ್ವಾ ನಿಮ್ಗೆ?"

"ಹೆಂಗ ಕಾಣಬೇಕ್ರಿ? ಕಣ್ಣ ಮುಚ್ಚಿದ್ನಿ."

"ಮಾಸ್ಕ್ ಹಾಕ್ಕೊಂಡು ಕಣ್ಣು ಮುಚ್ಚಿದ್ರಾ?"

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಬಿಡಿ, ನಗುವಂಥದ್ದೇ. ಕನ್ನಡಕ ಹಾಕಿಕೊಂಡು ಮಲಗಿದವನ ಕಥೆ ನನ್ನದು. ಯುವಕ ಬಿಸಿನೀರಿನಲ್ಲಿ ಕೈ ಇಳಿಸಿಕೊಂಡು ಕೂರಲು ಹೇಳಿ ಹುಡುಗರನ್ನು ಕರೆದುಕೊಂಡು ನೀರಿಗಿಳಿದ. ಅವರು ಉದ್ದನೆಯ ಅಳತೆಯ ಪಟ್ಟಿಯೊಂದನ್ನು ನೀರೊಳಗೆ ಹಾಸಿ, ಅದರ ಗುಂಟ ಸಾಲಾಗಿ ತೇಲುತ್ತ, ಕೆಳಗೆ ಏನೇನಿದೆ ಎಂದು ಗುರುತು ಮಾಡಿಕೊಳ್ಳುತ್ತಿದ್ದರು. ಒಂದು ಸಾಲು ಮುಗಿದರೆ ಪಟ್ಟಿ ಸರಿಸಿ ಪಕ್ಕದ ಸಾಲು. ಹೊಲಕ್ಕೆ ಕುಂಟೆ ಹೊಡೆದ ಹಾಗೆ, ಒಂದು ಗೇಣೂ ಬಿಡದೆ. ನೋವಿನಲ್ಲೂ ಅದನ್ನು ನಾನು ಗಮನವಿಟ್ಟು ನೋಡಿದೆ.

ಮೇಡಂ ಪಕ್ಕಕ್ಕೆ ಬಂದು ಕುಳಿತರು. "ಏನ ಕಾಣ್ತದಂತ ಅಂಜಿಕಿ ನಿಮಗ?" ಎಂದು ಕೇಳಿದರು.

ಸುತ್ತಿಬಳಸದೆ ಹೇಳಿದೆ. "ನಾ ತೆಗದಾವ್ರ ಮಾರಿ ಕಾಣ್ತಾವೇನೋ ಅಂತರಿ. ಇಷ್ಟ ದಿವಸ ಮುಟ್ಟೇನಿ, ನೋಡಿಲ್ಲ. ತೆರದ ಕೂಡ್ಲೇ ಎಲ್ಲಾರೂ ಒಮ್ಮೆಲೆ ಕಂಡಬಿಟ್ರ?"

ಅವರು ನನ್ನ ಕೈಯ ಮೇಲೆ ಇನ್ನಷ್ಟು ಬಿಸಿನೀರು ಸುರಿದರು. "ನೀವು ಇಲ್ಲೆ ತೆರೀಲಿಲ್ಲಂದ್ರ, ಖಣ್ಯಾಗ ತೆರೀತೀರೇನು?" ಎಂದರು.

ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ಸುಳ್ಳದಲ್ಲಿ ಹಗಲೆಲ್ಲ ಉರಿಯುವ ಆ ಬಲ್ಬು ಕಣ್ಣಿಗೆ ಕಟ್ಟಿತು. ಇವತ್ತು ಹೀಗೇ ಹಿಂದಿರುಗಿದರೆ ಆ ತಾಯಿಗೆ ಏನು ಹೇಳುವುದು? ಸಮುದ್ರಕ್ಕೆ ಹೋಗಿ ವಾಂತಿ ಮಾಡಿ ಬಂದೆ ಎಂದೇ? ಬಿಸಿನೀರಿನಿಂದ ಕೈ ತೆಗೆದೆ, ಗಾಜಿಗೆ ಉಗುಳಿ ತಿಕ್ಕಿದೆ. ಬೋಟಿಗೆ ಮರಳಿದ್ದ ಯುವಕ ಬೇಡವೆಂದ, ನಾಳೆ ನೋಡೋಣವೆಂದ. ನಾಳೆ ನನ್ನಲ್ಲಿ ಈ ಧೈರ್ಯ ಇರುತ್ತದೆಂಬ ಭರವಸೆ ನನಗಿರಲಿಲ್ಲ. "ಬರ್ರಿ, ಕೈ ಹಿಡೀರಿ," ಎಂದೆ. ಅವನು ನನ್ನ ಎಡಗೈ ಹಿಡಿದುಕೊಂಡ. ಇಳಿಯುವಾಗ ಈ ಸಲ ಯಾರನ್ನೂ ಕರೆಯಲಿಲ್ಲ. ಮನಸ್ಸಿನಲ್ಲಿ ಉಸ್ತಾದರಿಗೆ ಒಂದು ಮಾತು ಹೇಳಿದೆ: ಮಾಫ್ ಮಾಡ್ರಿ.

ಮುಖ ಇಟ್ಟು, ಉಸಿರು ಬಿಟ್ಟು, ಕಣ್ಣು ತೆರೆದೆ.

ಕಂಡದ್ದು ನನ್ನ ಕೈ. ಬಲಗೈ, ಎದುರಿಗೆ ಚಾಚಿಕೊಂಡದ್ದು, ಬೆರಳ ತುದಿಯಲ್ಲಿ ಮುಳ್ಳಿನ ಕಪ್ಪು ಚುಕ್ಕೆಗಳು. ಇಷ್ಟು ವರ್ಷ ನೀರಿನಲ್ಲಿ ದುಡಿದ ಕೈಯನ್ನು ನೀರಿನಲ್ಲಿ ನೋಡಿದ್ದು ಅದೇ ಮೊದಲು. ಪಾಪ, ಎಂಥ ಕೈ! ಬಿಳಿಚಿಕೊಂಡು, ಸುಕ್ಕುಗಟ್ಟಿ, ದಿಕ್ಕು ತಪ್ಪಿದಂತೆ ತಡಕಾಡುತ್ತಿತ್ತು. ನನಗೆ ಅಳು ಬಂದುಬಿಟ್ಟಿತು. ಗಾಜಿನೊಳಗೆ ಅತ್ತರೆ ಒರೆಸಿಕೊಳ್ಳಲೂ ಬರುವುದಿಲ್ಲ.

ಕೈಯ ಆಚೆ ಬಿಸಿಲು ಎಳೆಎಳೆಯಾಗಿ ಕೆಳಗಿಳಿದಿತ್ತು. ಪೋಸ್ಟರಿನಲ್ಲಿ ತೋರಿಸುವ ಕಡುಬಣ್ಣಗಳೇನೂ ಇರಲಿಲ್ಲ. ಕಂದು, ಪಾಚಿಹಸಿರು, ಅಲ್ಲಲ್ಲಿ ನೇರಳೆ. ಹೂಕೋಸಿನಂಥವು, ಜಿಂಕೆಯ ಕೋಡಿನಂಥವು. ಹಳದಿ ಮೀನುಗಳು ಜೋಡಿಜೋಡಿಯಾಗಿ ಬಂದು ನನ್ನನ್ನು ನೋಡಿ, ಇವನಿಂದ ಏನೂ ಆಗಬೇಕಾದ್ದಿಲ್ಲ ಎಂಬಂತೆ ಹೋದವು. ಹಸಿರು ಮೀನೊಂದು ಬಂಡೆಯನ್ನು ಕಟಕಟ ಕಡಿಯುತ್ತಿತ್ತು. ಒಲೆಯ ಮೇಲೆ ಜೋಳದ ಅಳ್ಳು ಸಿಡಿದಂಥ ಚಟಪಟ ಸದ್ದು ಎಲ್ಲ ಕಡೆಯಿಂದ. ಸತ್ತವರ ಜಾಗ ಎಂದು ನಾನು ತಿಳಿದಿದ್ದ ನೀರಿನಲ್ಲಿ ಒಂದು ಸಂತೆಯೇ ನಡೆದಿತ್ತು.

ಆಗ ಅದು ಕಂಡಿತು. ಕೆಳಗೆ ಬಂಡೆಗಳ ಸಂದಿಯಲ್ಲಿ ಒಂದು ತಲೆ. ದುಂಡಗೆ, ಬೋಳಾಗಿ, ನಮ್ಮ ಕಡೆಗೆ ನೆತ್ತಿ ಮಾಡಿಕೊಂಡು. ಕೊಳವೆಯೊಳಗೇ ಚೀರಿದೆ. ಕಣ್ಣು ಮುಚ್ಚಿಕೊಂಡವು. ಯುವಕ ನನ್ನ ಎಡಗೈಯನ್ನು ಗಟ್ಟಿಯಾಗಿ ಅದುಮಿದ, ಮೇಲೆ ಎಳೆಯಲಿಲ್ಲ. ಕಣ್ಣು ತೆರೆದೆ. ತಲೆಯೇ. ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಉಸಿರು ಎಳೆದು, ಬಿಟ್ಟು, ಅಲ್ಲೇ ತೇಲುತ್ತ ದಿಟ್ಟಿಸಿದೆ. ನೋಡುತ್ತ ನೋಡುತ್ತ ಅದರ ಮೇಲೆ ಅಕ್ಕಿಶ್ಯಾವಿಗೆ ಒತ್ತಿ ಹಾಸಿದಂಥ ಗೆರೆಗಳು ಎದ್ದವು. ನೀಲಿ ಮರಿಮೀನೊಂದು ಗೆರೆಗಳ ನಡುವಿನಿಂದ ಇಣುಕಿತು. ಹವಳ. ದುಂಡನೆಯ ಒಂದು ಹವಳ. ತಲೆ ಎಂದು ನನ್ನ ಅಂಜಿಕೆ ಹೇಳಿತ್ತು, ಕಣ್ಣು ಹೇಳಿರಲಿಲ್ಲ. ಕಣ್ಣಿಗೆ ಸ್ವಲ್ಪ ಪುರುಸೊತ್ತು ಬೇಕು, ಅಷ್ಟೇ.

ಆ ದಿನ ಬಿಸಿಲು ಇಳಿಯುವವರೆಗೆ ನೀರಿನಲ್ಲಿದ್ದೆ. ಮರುದಿನವೂ. ಹುಡುಗರ ಪಟ್ಟಿಯ ಗುಂಟ ಸಾಲು ಹಿಡಿದು ತೇಲುವುದನ್ನು ಕಲಿತೆ. ಅನುಮಾನ ಬಂದಲ್ಲಿ ನಿಂತು, ಅದು ಏನೆಂದು ತಿಳಿಯುವವರೆಗೂ ನೋಡಿ, ಆಮೇಲೆ ಮುಂದಕ್ಕೆ. ಹೊರಡುವಾಗ ಯುವಕ ನನ್ನ ಮೀಸೆಗೆ ಕೈಮುಗಿದ. ಮೇಡಂ ತಮ್ಮ ಮಾಸ್ಕನ್ನು ನನಗೇ ಕೊಟ್ಟರು. ನನ್ನದಕ್ಕಿಂತ ಅದು ಮುಖಕ್ಕೆ ಚೆನ್ನಾಗಿ ಕೂರುತ್ತಿತ್ತು.

ಸಂಕ್ರಾಂತಿ ಮುಗಿದ ಮೇಲೆ, ಠಾಣೆಗೆ ತಿಳಿಸಿ, ಖಣಿಗೆ ಹೋದೆ. ಒಬ್ಬ ಪೇದೆ ದಂಡೆಯ ಮೇಲೆ ನಿಂತ. ತಾಯಿಗೆ ಬರಬೇಡಿರೆಂದು ಹೇಳಿದ್ದೆ. ಆಕೆ ಸೊಸೆಯನ್ನು ಕರೆದುಕೊಂಡು ಬಂದು ಜಾಲಿ ಗಿಡದ ಕೆಳಗೆ ಕುಳಿತಿದ್ದಳು. ಹೊತ್ತು ನೆತ್ತಿಗೆ ಬರುವವರೆಗೆ ಕಾದೆ. ನಡುವಿಗೆ ಹಗ್ಗ ಕಟ್ಟಿಕೊಂಡೆ, ಹುಡುಗನ ಹೆಸರು ಹಿಡಿದು ಕರೆದೆ. "ಬಾ, ಮನಿಗೆ ಹೋಗೂಣು." ಜಾಲಿಯ ಕೆಳಗಿನಿಂದ ಒಂದು ಬಿಕ್ಕು ಕೇಳಿಸಿತು.

ಖಣಿಯ ನೀರು ಹಸಿರು ಗಾಜಿನಂತಿತ್ತು. ಇಲ್ಲಿ ಮೀನಿನ ಸಂತೆಯಿಲ್ಲ, ಚಟಪಟವಿಲ್ಲ, ನನ್ನ ಉಸಿರೊಂದೇ. ಗೋಡೆಯಿಂದ ಗೋಡೆಗೆ ಸಾಲು ಹಿಡಿದೆ. ಟಾಯರು. ಮುರಿದ ಬಕೆಟ್ಟು. ಕಲ್ಲು, ಕಲ್ಲು. ಒಂದು ಸಾಲು ಮುಗಿಸಿ ಇನ್ನೊಂದು. ಪಡುವಣ ಗೋಡೆಯ ಹಂತದ ಮೇಲೆ ಕ್ರೇನಿನ ಕಬ್ಬಿಣದ ಹಗ್ಗ ಸುರುಳಿಯಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿ ಕಲ್ಲುಗಳು. ಎರಡಾಳು ನೀರು, ಅಷ್ಟೇ. ಆ ಕಲ್ಲುಗಳ ಮೇಲೆ ಯಾಕೋ ಕಣ್ಣು ನಿಂತಿತು. ಹವಳದ ಮೇಲೆ ಮಾಡಿದಂತೆಯೇ ಮಾಡಿದೆ. ಉಸಿರು ಎಳೆದು, ಬಿಟ್ಟು, ನೋಡುತ್ತ ತೇಲಿದೆ. ನೇತ್ರಾಣಿಯಲ್ಲಿ ತಲೆಯೆಂದು ಕಂಡದ್ದು ಹವಳವಾಗಿತ್ತು. ಇಲ್ಲಿ ಕಲ್ಲೆಂದು ಕಂಡದ್ದು ಕಲ್ಲಾಗಿ ಉಳಿಯಲಿಲ್ಲ. ಪ್ಯಾಂಟಿನ ಅಂಚು ಮೊದಲು ಕಂಡಿತು, ಅವರು ಹೇಳಿದ್ದ ಬಣ್ಣ. ಆಮೇಲೆ ದಾರ. ದಾರದ ತುದಿಯಲ್ಲಿ ಕಪ್ಪಾಗಿ ಹೋದ ಪುಟ್ಟ ಕರಡಿಗೆ.

ಉಳಿದದ್ದನ್ನು ಬರೆಯುವುದಿಲ್ಲ. ಕಬ್ಬಿಣದ ಹಗ್ಗ ಕಾಲಿಗೆ ಸುತ್ತಿಕೊಂಡಿತ್ತು, ಅದಕ್ಕೇ ಅವನು ತೇಲಿ ಬಂದಿರಲಿಲ್ಲ. ಗೋವಾಕ್ಕೂ ಹೋಗಿರಲಿಲ್ಲ, ಯಾರ ಜೊತೆಗೂ ಹೋಗಿರಲಿಲ್ಲ.

ದಂಡೆಗೆ ಬಂದು ಪೇದೆಗೆ ಹೇಳಿದೆ. ಅವನು ಠಾಣೆಗೆ ಫೋನು ಮಾಡಿದ. ಸಾಹೇಬರು ಬಂದು ನೋಡಿ, ತೆಗೆಯಿರಿ ಎಂದ ಮೇಲೆ ನಾನು ಮಾಸ್ಕ್ ಬಿಚ್ಚಿ ಕಲ್ಲಿನ ಮೇಲಿಟ್ಟೆ. ನೋಡುವ ಕೆಲಸ ಮುಗಿದಿತ್ತು, ಉಳಿದದ್ದು ಕೈಯ ಕೆಲಸ. ಉಸ್ತಾದರ ರೀತಿಯಲ್ಲಿ ಕಣ್ಣು ಮುಚ್ಚಿ ಮುಳುಗಿ, ಹಗ್ಗ ಬಿಡಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ನಿಧಾನವಾಗಿ ಮೇಲೆ ತಂದೆ. ಹಗುರವಾಗಿದ್ದ.

ಸುತ್ತಿದ ಬಿಳಿ ಬಟ್ಟೆ ಬಿಚ್ಚಲು ಯಾರೂ ಬಿಡಲಿಲ್ಲ. ಸಾಹೇಬರು ಕರಡಿಗೆಯನ್ನಷ್ಟೇ ತಾಯಿಗೆ ತೋರಿಸಿದರು. ಆಕೆ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. ಸೊಸೆ ಕೂಗಿ ನೆಲಕ್ಕೆ ಕುಸಿದಳು. ತಾಯಿ ಕೂಗಲಿಲ್ಲ. ಎದ್ದು ನನ್ನ ಕಡೆಗೆ ಬಂದಳು. ಉಸ್ತಾದರು ಹೇಳಿದ ಗಳಿಗೆ ಇದೇ. ಈಗ ಕೇಳುತ್ತಾಳೆ, ಹೆಂಗಿದ್ದಾ ನನ್ನ ಮಗಾ. ನಾ ನೋಡಿಲ್ಲವಾ ಎನ್ನಲು ನನ್ನ ಹತ್ತಿರ ಬಾಯಿಲ್ಲ.

"ನೋಡಿದೇನು ತಮ್ಮಾ, ಕಣ್ಣ ತೆರದು?"

"ನೋಡಿದ್ನಿರಿ ಅವ್ವಾ."

ಆಕೆ ನನ್ನ ತೋಳು ಹಿಡಿದುಕೊಂಡಳು. ನಾನಿನ್ನೂ ಒದ್ದೆಯಾಗಿದ್ದೆ.

"ಅಲ್ಲೆ ಕತ್ತಲಿತ್ತೇನು?"

ಆಷಾಢದಲ್ಲಿ ಅದೇ ನೀರಿನಲ್ಲಿ ಕೈಯಾಡಿಸಿದ್ದ ನನಗೆ ಅಲ್ಲಿಯ ಕತ್ತಲು ಗೊತ್ತಿತ್ತು. ಆ ಮಾತು ನಾನು ಎತ್ತಲಿಲ್ಲ. ಆಕೆ ಕೇಳಿದ್ದು ನಾನು ಕಣ್ಣಾರೆ ಕಂಡದ್ದನ್ನು.

"ಇಲ್ಲರಿ ಅವ್ವಾ. ಬೆಳಕಿತ್ತು. ಬಿಸಲು ಅವನ ಮೈ ಮ್ಯಾಲೇ ಬಿದ್ದಿತ್ತು. ಅದಕ್ಕ ಕಂಡಾ."

"ಖರೇನ?"

"ಖರೇ ಅವ್ವಾ."

ಆಗ ಆಕೆಗೆ ಅಳು ಬಂತು. ಅಲ್ಲೇ ಕಲ್ಲಿನ ಮೇಲೆ ಕುಳಿತು, ಆಷಾಢದಿಂದ ಕಟ್ಟಿಟ್ಟದ್ದನ್ನೆಲ್ಲ ಬಾಯಿಬಿಟ್ಟು ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ.

ನನ್ನ ಮಟ್ಟಿಗೆ ಉಸ್ತಾದರ ಮಾತು ನಿಜವೇ ಆಯಿತು. ಕಣ್ಣಿಗೆ ಹತ್ತಿದ್ದು ಹೋಗಿಲ್ಲ. ರೆಪ್ಪೆ ಮುಚ್ಚಿದರೆ ಆ ಹಂತ, ಆ ದಾರ, ಆ ಕರಡಿಗೆ ಅಲ್ಲೇ ಇರುತ್ತವೆ. ಹಾಗೆ ಬಂದಾಗ ಎದ್ದು ಕುಳಿತು, ಹವಳದ ಗೆರೆಗಳ ನಡುವಿನಿಂದ ಇಣುಕಿದ ಆ ನೀಲಿ ಮರಿಮೀನನ್ನು ನೆನೆಯುತ್ತೇನೆ. ಕೆಲವು ಸಲ ಅದು ಬರುತ್ತದೆ, ಕೆಲವು ಸಲ ಇಲ್ಲ.

ಅವರ ಹೊಲದಲ್ಲಿ ಹುಡುಗನಿಗೆ ಮಣ್ಣು ಕೊಟ್ಟು, ತಿಥಿಯ ದಿನಗಳೆಲ್ಲ ಮುಗಿದ ಮೇಲೆ, ಸುಳ್ಳದ ಕಡೆ ಯಾರದೋ ಪಂಪಿನ ಕೆಲಸಕ್ಕೆ ಹೋದವನು ಅವರ ಮನೆಯ ಮುಂದಿನಿಂದ ಹಾದೆ. ಬಾಗಿಲು ತೆರೆದಿತ್ತು. ತಾಯಿ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಬಾಗಿಲ ಮೇಲಿನ ಬಲ್ಬು ಆರಿತ್ತು.